ಮಡಿಲು ತುಂಬಿ ಮಾಡಿಕೊಂಡ ಮಗಳು

ಹೊನ್ನೂರಿನ ಚನ್ನಾಜಮ್ಮನ ಬಾಯಿಗೆ ಊರೇ ಹೆದರುತ್ತಿತ್ತು. ಆದರೂ ಯಾರ ಮನೆಯ ಹೆಣ್ಣುಮಗಳು ಹೆತ್ತು ಮಲಗಿದರೂ ಮೊದಲು ಕರೆ ಬರುತ್ತಿದ್ದುದು ಆಕೆಗೇ. ಸೂಲಗಿತ್ತಿ ಅಲ್ಲ ಮತ್ತೆ. ಹೆರಿಗೆ ಮಾಡಿಸುವುದಕ್ಕೆ ದೊಡ್ಡಮಾದಮ್ಮ ಅಂತ ಬೇರೆ ಮುದುಕಿ ಇದ್ದಳು. ಚನ್ನಾಜಮ್ಮನ ಕೆಲಸ ಅದರ ಆಮೇಲಿನದು, ಬಾಣಂತನ. ಹರಳೆಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಮೆಣಸಿನ ಸಾರಲ್ಲಿ ಅನ್ನ ಕಲಸಿ ಉಣ್ಣಿಸಿ, ತಣ್ಣೀರು ಮುಟ್ಟಿದರೆ ಕೈಮೇಲೆ ಬಾರಿಸಿ, ಬಾಣಂತಿಯನ್ನು ಗಟ್ಟಿ ಮಾಡಿ ಎಬ್ಬಿಸೋಳು. “ನಾನು ನೀರು ಹಾಕಿದ ಬಾಣಂತಿ ಸೊಂಟ ಹಿಡ್ಕಂಡ್ಳು ಅಂತ ಯಾರಾರ ಅಂದ್ರೆ ಮೂಗು ಕುಯ್ಸ್ಕತೀನಿ” ಎಂದು ಸವಾಲು ಹಾಕೋಳು. ಯಾರೂ ಅನ್ನಲಿಲ್ಲ. ಜಂಬ ಇತ್ತು, ಇರಲಿ ಬಿಡಿ. ಅಷ್ಟು ಜನರ ಮೈ ಉಳಿಸಿದವಳಿಗೆ ಅಷ್ಟು ಜಂಬವೂ ಇರಬಾರದೇ?

ಕೊರಗು ಅಂತ ಇದ್ದದ್ದು ಒಂದೇ. ಹೆತ್ತ ಮೂರೂ ಗಂಡು. ಈ ಸೀಮೆಯಲ್ಲಿ ಚೊಚ್ಚಲ ಹೆರಿಗೆ ಆಗಬೇಕಾದ್ದು ತವರಿನಲ್ಲಿ. ಅದು ತಾಯಿಯ ಹಕ್ಕು, ತಾಯಿಯ ಮರ್ಯಾದೆ. ಸೊಸೆಯಂದಿರು ಬಸುರಿಯಾದರೆ ಅವರವರ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ಕರೆದುಕೊಂಡು ಹೋಗೋರು, ಸೊಸೆಯಂದಿರು ಮಗು ಎತ್ತಿಕೊಂಡು ದುಂಡುದುಂಡಗೆ ವಾಪಸು ಬರೋರು. ಊರಿಗೆಲ್ಲ ಬಾಣಂತನ ಮಾಡಿದ ಹೆಂಗಸು ತನ್ನ ಮಗಳು ಅಂತ ಒಬ್ಬಳನ್ನು ಹಗ್ಗದ ಮಂಚದ ಮೇಲೆ ಮಲಗಿಸಿಕೊಳ್ಳಲಿಲ್ಲ. ಎದುರುಮನೆಯ ವಾರಗಿತ್ತಿ ಚನ್ನಮಲ್ಲಮ್ಮನಿಗೆ ಹೆಣ್ಣುಮಕ್ಕಳು ಸಾಲಾಗಿ. ಆಕೆ ಜಗುಲಿ ಮೇಲೆ ಕಾಲು ಚಾಚಿ ಕೂತು, “ನಮ್ಮ ಕಿರೀದು ಬತ್ತಾದೆ ಕಣಕ್ಕಾ ಬಾಣಂತನಕ್ಕೆ. ನಿಂಗೇನವ್ವ, ಯೋಚ್ನೆನೇ ಇಲ್ಲ” ಅನ್ನೋಳು. ಆ ‘ಯೋಚ್ನೆನೇ ಇಲ್ಲ’ ಅನ್ನೋದು ಚನ್ನಾಜಮ್ಮನಿಗೆ ಮುರಿದ ಮುಳ್ಳಿನ ಹಾಗೆ ಒಳಗೇ ಉಳಿಯೋದು.

ಆಕೆಯ ಗಂಡ ಕೆಂಪನಂಜಪ್ಪನಿಗೆ ಸುವರ್ಣಾವತಿ ಹೊಳೆ ಕಡೆ ಕಬ್ಬಿನ ಗದ್ದೆ ಇತ್ತು, ಗದ್ದೆ ಬದಿಗೇ ಬೆಲ್ಲದ ಆಲೆಮನೆ. ದೀಪಾವಳಿ ಕಳೆದು ಚಳಿ ಬಿದ್ದರೆ ಬರಗೂರು ಬೆಟ್ಟದಿಂದ ಕಬ್ಬು ಕಡಿಯೋರು, ಒಲೆಗೆ ಉರಿ ಹಾಕೋರು ಗುಂಪು ಕಟ್ಟಿಕೊಂಡು ಬರೋರು. ಗರಿಕೆಕಂಡಿ ದಾಟಿ, ಹನೂರು, ಕೊಳ್ಳೇಗಾಲದ ಮೇಲೆ ನಡೆದೇ ಬರೋರು. ಆಡೋದು ಕನ್ನಡವೇ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಿ ಬಿಟ್ಟರೆ ಬೆಟ್ಟದ ದೇವರು ಮಾದಪ್ಪನ ಹೆಸರು. ಮುಂಚೆ ಆ ಬೆಟ್ಟವೂ ಕೊಳ್ಳೇಗಾಲವೂ ಒಂದೇ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಐವತ್ತಾರರಲ್ಲಿ ರಾಜ್ಯ ಹಂಚಿದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಬೆಟ್ಟ ಮದ್ರಾಸಿಗೇ ಉಳಿಯಿತು. ಕಬ್ಬು ಕಡಿಯುವಾಗ ಅದನ್ನು ಯಾರೂ ಕೇಳುತ್ತಿರಲಿಲ್ಲ. ಕಾಯಿಲೆ ಬಿದ್ದಾಗ ಮಾತ್ರ ಎಲ್ಲರೂ ಕೇಳೋರು.

ಅರವತ್ತಾರರ ಚಳಿಗೆ ಬಂದವರಲ್ಲಿ ಪುಟ್ಟಮಾದಪ್ಪ ಅನ್ನುವವನೊಬ್ಬ. ಕೊಪ್ಪರಿಗೆಯ ಒಲೆಗೆ ಉರಿ ಹಾಕುವ ಕೆಲಸ, ಮಾತು ಕಮ್ಮಿ. ಜೊತೆಗೆ ಹೆಂಡತಿ ಜಡೆಮಾದಮ್ಮ, ಎಲ್ಲರ ಬಾಯಲ್ಲೂ ಮಾದಿ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡು ಯಾರದೋ ಮನೆಯ ದನ ಕಾಯ್ದು ಬೆಳೆದ ಹುಡುಗಿ. ಈಗ ತುಂಬು ಬಸುರಿ, ಚೊಚ್ಚಲು. ಕಬ್ಬಿನ ಸೋಗೆಯ ಗುಡಿಸಲಲ್ಲಿ ನೆಲದ ಮೇಲೆ ಮಲಗಿ ಏಳುತ್ತಿದ್ದಳು. ಒಂದು ದಿನ ಮಜ್ಜಿಗೆ ಕೇಳಿಕೊಂಡು ಹಿತ್ತಿಲಿಗೆ ಬಂದಾಗ ಚನ್ನಾಜಮ್ಮನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಂತಿತು.

“ಯಾವಾಗ್ನಿಂದ ಮೊಗ ಇದು?”

“ಬೆಟ್ಟ ಇಳ್ದಾಗ್ನಿಂದ ಅವ್ವೋರೆ. ತಲೆನೂ ಸಿಡೀತದೆ.”

ಚನ್ನಾಜಮ್ಮ ಮಜ್ಜಿಗೆ ಚೊಂಬು ಅಲ್ಲೇ ಇಟ್ಟು ಆಲೆಮನೆಗೇ ನಡೆದಳು. “ಲೇ ಪುಟ್ಟಮಾದಾ, ಕಣ್ಣು ಕಾಣಕ್ಕಿಲ್ವಾ ನಿಂಗೆ? ಎಂಡ್ತಿ ಕಾಲು ನೋಡಿದ್ದೀಯೇನ್ಲಾ? ಮೊದ್ಲು ಆಸ್ಪತ್ರೆಗೆ ಕರ್ಕಂಡೋಗು!” ಬಾಣಂತನದ ಗತ್ತು ಎಷ್ಟಿದ್ದರೂ, ಇಂಥ ಊತ ತನ್ನ ಎಣ್ಣೆ ನೀರಿಗೆ ಬಗ್ಗುವುದಲ್ಲ ಅಂತ ಅವತ್ತು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಬಸ್ಸಿನ ರಸ್ತೆಯಲ್ಲಿ, ಪೇಟೆಗೆ ಸ್ವಲ್ಪ ಮುಂಚೆ, ಒಂದು ಹೆರಿಗೆ ಆಸ್ಪತ್ರೆ. ಯಾರೋ ಪುಣ್ಯಾತ್ಮರು ತಾಯಿಯ ನೆನಪಿಗೆ ಕಟ್ಟಿಸಿ, ಸುತ್ತಿನ ಹಳ್ಳಿಗಳ ಹೆಂಗಸರಿಗೆ ಔಷಧಿ, ಹಾಸಿಗೆ, ಊಟ ಎಲ್ಲ ಧರ್ಮಕ್ಕೆ ಅಂತ ಮಾಡಿದ್ದರು. ಸುತ್ತಿನ ಹಳ್ಳಿಗಳ ಹೆಂಗಸರಿಗೆ ಮಾತ್ರ. ಬಾಗಿಲಲ್ಲಿ ನರ್ಸು “ಯಾವೂರು? ಯಾರ ಮನೆ?” ಎಂದಳು. ಪುಟ್ಟಮಾದಪ್ಪ ಇದ್ದದ್ದು ಇದ್ದ ಹಾಗೆ ಬರಗೂರು ಬೆಟ್ಟ ಅಂದ. “ಅದು ಮದ್ರಾಸಲ್ವೇನಪ್ಪಾ? ನಿಮ್ಮ ಕಡೆ ಆಸ್ಪತ್ರೆಗೆ ಹೋಗಿ. ಇಲ್ಲಿ ನಮ್ಮೋರಿಗೇ ಹಾಸಿಗೆ ಸಾಲ್ದು.” ಅವರ ಕಡೆ ಆಸ್ಪತ್ರೆ ಅಂದರೆ ಬಂದ ದಾರಿಯನ್ನೆಲ್ಲ ವಾಪಸು ನಡೆದು, ಬೆಟ್ಟ ಹತ್ತಿ, ಆಚೆ ಅಂತಿಯೂರಿಗೆ ಇಳಿಯಬೇಕು. ಆ ಹೊಟ್ಟೆ ಹೊತ್ತುಕೊಂಡು! ಮಾದಿ ಜಗುಲಿಯಲ್ಲಿ ಕುಸಿದು ಕೂತಳು. ಅತ್ತ ಹೋಗುತ್ತಿದ್ದ ಡಾಕ್ಟರಮ್ಮ ನಿಂತು, ಕಾಲು ಒತ್ತಿ, ರೆಪ್ಪೆ ಎಳೆದು ನೋಡಿದರು. “ಇವಳು ಮನೇಲಿ ಹೆರೋ ಹಾಗಿಲ್ಲ. ಫಿಟ್ಸು ಬಂದ್ರೆ ತಾಯಿ ಮಗು ಇಬ್ರೂ ಉಳಿಯಲ್ಲ” ಎಂದರು. ಹಾಗಾದರೆ ಹಾಸಿಗೆ ಕೊಡಿ ತಾಯಿ ಅಂದದ್ದಕ್ಕೆ, “ನಿಯಮ ನಾನು ಮಾಡಿದ್ದಲ್ಲಪ್ಪ” ಎಂದು ತಲೆ ತಗ್ಗಿಸಿ ಒಳಗೆ ಹೋದರು. ನಿಯಮವಂತೆ! ಊದಿದ ಕಾಲಿಗೆ ಯಾವ ರಾಜ್ಯ, ಯಾವ ಜಿಲ್ಲೆ?

ಅಯ್ಯೋ ಅಂದವಳು ಅಂಗಳ ಗುಡಿಸುತ್ತಿದ್ದ ಆಯಾ ಒಬ್ಬಳೇ. ಹತ್ತಿರ ಬಂದು ಪಿಸುಗುಟ್ಟಿದಳು: “ಇಲ್ಲಿ ಕಾಗ್ದಗೀಗ್ದ ಏನೂ ಕೇಳಕ್ಕಿಲ್ಲ ಕಣಪ್ಪ. ಈ ಸುತ್ತಿನೂರ ಎಂಗ್ಸು ಒಬ್ಳು ಜೊತೇಲಿ ಬಂದು, ಇವ್ಳು ನನ್ನ ಮಗಳು ಅಂದ್ಬುಟ್ರೆ ಮುಗೀತು.”

ಪುಟ್ಟಮಾದಪ್ಪ ನೇರ ಬಂದು ಚನ್ನಾಜಮ್ಮನ ಹಿತ್ತಿಲ ಬಾಗಿಲಲ್ಲಿ ಕೈ ಮುಗಿದು ನಿಂತ. “ಒಂದೇ ಒಂದ್ ಮಾತು ಅಂದ್ಬುಡಿ ಅವ್ವೋರೆ. ಮಗಳು ಅಂತ.”

“ಸುಳ್ಳು ಏಳನಾ? ಅದೂ ತಾಯಿ ಮಗಳು ಅಂತವಾ?” ಚನ್ನಾಜಮ್ಮನ ಮುಖ ಕೆಂಪೇರಿತು. “ನನ್ನ ನಾಲ್ಗೇಲಿ ಅದು ಬರಕ್ಕಿಲ್ಲ. ಮಾದಪ್ಪ ಮೆಚ್ಚಾನಾ?”

ಅವನು ಮುಗಿದ ಕೈ ಇಳಿಸಿದ. ತಿರುಗಿ ಹೊರಟ. ತೆಂಗಿನ ಮರಕ್ಕೆ ಒರಗಿ ನಿಂತಿದ್ದ ಮಾದಿ ಒಂದು ಕೈ ಸೊಂಟಕ್ಕೆ ಕೊಟ್ಟು ಅವನ ಹಿಂದೆ ಹೆಜ್ಜೆ ಇಟ್ಟಳು. ಚನ್ನಾಜಮ್ಮ ಹೊಸ್ತಿಲು ದಾಟಿ ಹೊರಗೆ ಬಂದಳು.

“ಎಲ್ಲಿಗ್ಲಾ ಓಯ್ತೀಯ? ಸುಳ್ಳು ಏಳಕ್ಕಿಲ್ಲ ಅಂದೆ. ನಿಜ ಮಾಡಕ್ಕಿಲ್ಲ ಅಂದ್ನಾ?”

ಮಾರನೆ ಸೋಮವಾರ ದೇವರ ಮುಂದೆ ಮಣೆ ಹಾಕಿ ಮಾದಿಯನ್ನು ಕೂರಿಸಿದಳು. ಹಸಿರು ಬಳೆ ತೊಡಿಸಿ, ಸೆರಗು ಒಡ್ಡಿಸಿ, ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ, ಕುಬುಸದ ಕಣ ಇಟ್ಟು ಮಡಿಲು ತುಂಬಿದಳು. ಬೀದಿಯ ಹೆಂಗಸರೆಲ್ಲ ನೋಡಿದರು. ತಾಯಿ ಮಗಳಿಗೆ ತುಂಬುವ ಮಡಿಲಕ್ಕಿ ಅದು. ಹಾಕಿದ ಮೇಲೆ ಹಿಂದಕ್ಕೆ ತೆಗೆಯುವ ಹಾಗಿಲ್ಲ. ಮಾದಿ ಸೆರಗಿನ ಅಕ್ಕಿ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಮದುವೆಯಲ್ಲೂ ಅವಳಿಗೆ ಮಡಿಲು ತುಂಬುವವರು ಇರಲಿಲ್ಲವಂತೆ.

“ನಿಂಗೇನ್ ತಲೆ ಕೆಟ್ಟದಾ?” ಕೆಂಪನಂಜಪ್ಪ ಹಲ್ಲು ಕಡಿದ. “ನಾಳೆ ಪಾಲು ಕೇಳ್ಕಂಡು ಬಂದ್ರೆ?”

“ನಿಮ್ಮ ಆಸ್ತಿನ ನೀವೇ ತಲೆ ಮ್ಯಾಲೆ ಒತ್ಕಂಡು ಓಗಿ ಕೈಲಾಸಕ್ಕೆ. ನಂಗೆ ಮಗಳು ಸಾಕು.”

ಆಸ್ಪತ್ರೆ ಬಾಗಿಲಲ್ಲಿ ಅದೇ ನರ್ಸು. “ಮೊನ್ನೆ ಬಂದಿದ್ದೋಳಲ್ವಾ ಇವಳು?” ಎಂದಳು. ಚನ್ನಾಜಮ್ಮ ಎದೆ ಸೆಟೆಸಿ ನಿಂತಳು. “ಹೂಂ ಕಣವ್ವ. ಇವತ್ತು ಹೊನ್ನೂರು ಕೆಂಪನಂಜಪ್ಪನ ಮನೆ ಮಗಳು. ಮಡಿಲಕ್ಕಿ ಹಾಕಿವ್ನಿ, ಊರೆಲ್ಲ ನೋಡವ್ರೆ. ಬೇಕಾರೆ ಬಂದು ಕೇಳು.” ನರ್ಸು ದಾರಿ ಬಿಟ್ಟಳು. ಡಾಕ್ಟರಮ್ಮನೇ ಹೊರಗೆ ಬಂದು ಮಾದಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಮಾತ್ರೆ ಕೊಟ್ಟು, ಉಪ್ಪು ಮುಟ್ಟಿಸಬೇಡಿ, ಕೆಲಸ ಮಾಡಿಸಬೇಡಿ, ಮಲಗಿಸಿ ಎಂದರು. “ಅಮಾವಾಸ್ಯೆ ಹೊತ್ತಿಗೆ ತಂದು ಸೇರಿಸಿ. ನೋವು ಬರೋವರೆಗೂ ಕಾಯ್ಬೇಡಿ ಅಮ್ಮ. ಹಾಸಿಗೆ ಇಟ್ಟಿರ್ತೀನಿ.” ಪುಟ್ಟಮಾದಪ್ಪ ಆ ಜಗುಲಿಯ ಮೆಟ್ಟಿಲಿಗೆ ಹಣೆ ಮುಟ್ಟಿಸಿದ.

ಮಗಳಾದ ಮೇಲೆ ಸೋಗೆ ಗುಡಿಸಲಲ್ಲಿ ಬಿಡುವುದುಂಟೇ? ಅಡಿಗೆಮನೆ ಪಕ್ಕದ ಕೋಣೆ ಸಾರಿಸಿ, ಹಗ್ಗದ ಮಂಚ ಹಾಕಿ ಮಲಗಿಸಿದಳು. ತಲೆಗೆ ಎಣ್ಣೆ ಇಟ್ಟು ಬಾಚಿದಳು. ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಮಲಗಿ, ಮಾದಿಯ ಊತ ಇಳಿಯಿತು. ತಲೆನೋವೂ ನಿಂತಿತು. ‘ಅವ್ವೋರೆ’ ಹೋಗಿ ‘ಅವ್ವ’ ಆಯಿತು. ಚನ್ನಾಜಮ್ಮ ಹಿತ್ತಿಲಲ್ಲಿದ್ದರೂ ಒಳಗಿಂದ “ಅವ್ವಾ” ಅಂತ ಕೂಗು ಕೇಳಿದರೆ ಕೈಲಿದ್ದದ್ದು ಬಿಟ್ಟು ಓಡೋಳು. ಉಪ್ಪಿಲ್ಲದ ಅನ್ನ ಗಂಟಲಲ್ಲಿ ಇಳಿಯಲ್ಲ ಅಂತ ಮಗಳು ಕಣ್ಣಲ್ಲಿ ನೀರು ತಂದರೆ, ಒಂದು ಚೂರು ತಿಂದರೆ ಏನಾದೀತು ಅಂತ ಮಾವಿನ ಉಪ್ಪಿನಕಾಯಿ ನೆಕ್ಕಿಸೋಳು. ಬಸುರಿ ಬಯಕೆಗೆ ಇಲ್ಲ ಅನ್ನುವ ತಾಯಿ ಎಲ್ಲಿದ್ದಾಳೆ? ಒಣಶುಂಠಿ, ಹಿಪ್ಪಲಿ, ಬಜೆ, ಹರಳೆಣ್ಣೆ ಎಲ್ಲ ಅಟ್ಟದಿಂದ ಇಳಿದವು. ಅವಳು ಅಷ್ಟು ಸಂತೋಷವಾಗಿದ್ದುದನ್ನು ಗಂಡ, ಮಕ್ಕಳು ಯಾವತ್ತೂ ಕಂಡಿರಲಿಲ್ಲ.

ಆಗ ಚನ್ನಮಲ್ಲಮ್ಮ ಬಾಯಿ ಬಿಟ್ಟಳು. ಬಾವಿಕಟ್ಟೆಯಲ್ಲಿ, ನಾಲ್ಕು ಜನರ ಮುಂದೆ. “ಮಗಳಂತೆ ಮಗಳು! ಚೊಚ್ಚಲ ಬಸುರೀನ ಧರ್ಮಾಸ್ಪತ್ರೆಗೆ ಹಾಕ್ತಾಳಂತೆ. ಹೊಟ್ಟೇಲಿ ಹುಟ್ಟಿದ್ದಾಗಿದ್ರೆ ಕಳಿಸೋಳಾ? ಊರೋರ್ಗೆಲ್ಲ ನೀರು ಹಾಕ್ದೋಳಿಗೆ ಮಡಿಲಕ್ಕಿ ಮಗಳಿಗೆ ಒಂದ್ ಹಂಡೆ ನೀರು ಕಾಯ್ಸಕ್ಕೆ ಸೌದೆ ಇಲ್ವಂತಾ?”

ನೀರಿಗೆ ಹೋಗಿದ್ದ ಸೊಸೆ ಶಿವರತ್ನಮ್ಮ ಬಂದು ಅದನ್ನು ಹಾಗೇ ಒಪ್ಪಿಸಿದಳು. ಚನ್ನಾಜಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. ಒಲೆ ಮುಂದೆ ಹೋಗಿ ಕೂತಳು. ಆಸ್ಪತ್ರೆಯಲ್ಲಿ ಹೆತ್ತವರನ್ನು ಅವಳು ನೋಡಿದ್ದಳು. ಹಸಿ ಬಾಣಂತಿಗೆ ತಣ್ಣನೆ ಬನ್ನು, ಕಾಫಿ. ಮೈಗೆ ನೀರಿಲ್ಲ, ಹೊಗೆ ಇಲ್ಲ, ಹೊಟ್ಟೆಗೆ ಕಟ್ಟಿಲ್ಲ. ಗತಿ ಇಲ್ಲದವರು ಹೋಗುವ ಜಾಗ ಅದು. ಮಾದಿ ಗತಿ ಇಲ್ಲದವಳಾಗಿದ್ದಾಗ ಅದು ಸರಿ. ಈಗ ಅವಳಿಗೆ ತವರಿದೆ! ತವರಿರುವ ಹುಡುಗಿಯನ್ನು ಯಾರೋ ಕೈಗೆ ಕೊಟ್ಟು ಬಂದರೆ, ಹಾಕಿದ ಮಡಿಲಕ್ಕಿಯೇ ಸುಳ್ಳಾಗಲಿಲ್ಲವೇ? ಆಕೆಗೆ ಹಾಗೆ ತೋರಿತು. ಆ ಊರಿನ ಯಾವ ತಾಯಿಗೂ ಹಾಗೇ ತೋರುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

“ಏನ್ ಮೊಗ, ಆಸ್ಪತ್ರೆಗೆ ಓಯ್ತೀಯಾ, ಇಲ್ಲೇ ಇರ್ತೀಯಾ?” ಎಂದು ಕೇಳಿದಳು.

ಹುಟ್ಟಿದಾಗಿನಿಂದ ಒಂದು ಮನೆಯೊಳಗೆ ಸರಿಯಾಗಿ ಮಲಗದ ಹುಡುಗಿಯನ್ನು ಕೇಳುವ ಪ್ರಶ್ನೆಯೇ ಅದು? “ನಿನ್ನ ಬುಟ್ಟು ಎಲ್ಲೂ ಓಗಕ್ಕಿಲ್ಲ ಕಣವ್ವ” ಅಂದಳು ಮಾದಿ.

ಅಮಾವಾಸ್ಯೆ ಬಂತು. ಪುಟ್ಟಮಾದಪ್ಪ ಹಿತ್ತಿಲಿಗೆ ಬಂದು, ಹೆಗಲ ಟವಲು ಕೈಯಲ್ಲಿ ಹಿಂಡುತ್ತ ನಿಂತ. “ಅವ್ವೋರೆ, ಡಾಕ್ಟ್ರಮ್ಮ ಏಳಿದ್ರಲ್ಲ…”

“ಏಳಿದ್ರು. ಆಗ ಊತ ಇತ್ತು. ಈಗ ಎಲ್ಲದೆ ತೋರ್ಸು. ಈ ಮನೇಲಿ ನಾನು ಮೂರು ಹೆತ್ತಿಲ್ವಾ? ಮಗಳು ನಂದು ಕಣ್ಲಾ, ನಿಂಗಿಂತ ನಂಗೆ ಜಾಸ್ತಿ ಸಂಕಟ. ಓಗು, ಉರಿ ಆರೋಯ್ತದೆ ನೋಡ್ಕ.”

ಅವನ ಕೂಲಿ ಆ ಮನೆಯದು, ಹೆಂಡತಿ ಉಣ್ಣುತ್ತಿದ್ದುದು ಆ ಮನೆಯಲ್ಲಿ. ಮಡಿಲು ತುಂಬಿದ ದಿನವೇ ಹೆಂಡತಿಯ ಮೇಲಿನ ಹಕ್ಕು ಅವನ ಕೈತಪ್ಪಿತ್ತು. ಒಮ್ಮೆ ಕೋಣೆಯ ಕಿಟಕಿಯತ್ತ ನೋಡಿ, ಆಲೆಮನೆಗೆ ವಾಪಸು ಹೋದ.

ಅದಾದ ಎರಡನೇ ದಿನ ಬೆಳಿಗ್ಗೆ ಮಾದಿ “ಅವ್ವಾ, ಕಣ್ಣು ಮಬ್ಬಾಯ್ತದೆ” ಅಂದಳು. ಮತ್ತೆ ತಲೆ ಸಿಡಿಯಿತು. ಹೊಟ್ಟೆ ನೋವೂ ಶುರುವಾಯಿತು. ದೊಡ್ಡಮಾದಮ್ಮ ಬಂದು ಹೊಟ್ಟೆ ಮುಟ್ಟಿ ನೋಡುವಷ್ಟರಲ್ಲಿ ಮಾದಿಯ ಹಲ್ಲು ಕಚ್ಚಿಕೊಂಡವು. ಕಣ್ಣು ಮೇಲಕ್ಕೆ ಹೊರಳಿ, ಮೈಯೆಲ್ಲ ಸೆಟೆದು ಅದುರತೊಡಗಿತು. ಹಗ್ಗದ ಮಂಚ ಗೋಡೆಗೆ ಬಡಿಯಿತು. ದೊಡ್ಡಮಾದಮ್ಮ ಎರಡು ಹೆಜ್ಜೆ ಹಿಂದೆ ಸರಿದು, “ಇದು ನನ್ನ ಕೈಲಾಗಾದಲ್ಲ, ಗಾಡಿ ಕಟ್ಸು ಚನ್ನಾಜಿ” ಎಂದು ಕೂಗಿದಳು.

ಚನ್ನಾಜಮ್ಮನಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಡಾಕ್ಟರಮ್ಮ ಅಂದ ಒಂದೊಂದು ಮಾತೂ ಕಿವಿಯಲ್ಲಿ ಹಾಗೇ ಇತ್ತು. ಇನ್ನು ಮರೆತಿದ್ದೆ ಅಂತ ಹೇಳಿಕೊಳ್ಳುವುದಕ್ಕೂ ದಾರಿ ಇರಲಿಲ್ಲ.

ಗಾಡಿಗೆ ಹುಲ್ಲು ಹಾಸಿದರು. ಕೆಂಪನಂಜಪ್ಪನೇ ಹಗ್ಗ ಹಿಡಿದು ಎತ್ತುಗಳನ್ನು ಓಡಿಸಿದ. ಪುಟ್ಟಮಾದಪ್ಪ ಗಾಡಿಯ ಹಿಂದೆ ಓಡಿದ. ಗಾಡಿ ಕುಲುಕಿದಾಗಲೆಲ್ಲ ಮಾದಿಗೆ ಮತ್ತೆ ಮತ್ತೆ ಫಿಟ್ಸು ಬಂತು. ಚನ್ನಾಜಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಮಾದಪ್ಪಾ, ನನ್ನ ಜೀವ ತಕ, ನನ್ನ ತಕ ಅಂತ ದಾರಿಯುದ್ದಕ್ಕೂ ಅರಚಿದಳು. ಮಾದಪ್ಪ ಕೇಳಿಸಿಕೊಂಡಿದ್ದರೆ ಈ ಕಥೆ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಯಾರೂ ಯಾವೂರು ಅಂತ ಕೇಳಲಿಲ್ಲ. ಡಾಕ್ಟರಮ್ಮ ಬಾಗಿಲಲ್ಲೇ ಕಂಡರು. “ಈಗ ತಂದ್ರಾ? ಹಾಸಿಗೆ ಇಟ್ಟು ಕಾಯ್ತಿದ್ದೆನಲ್ಲಮ್ಮ!” ಅಂದವರೇ ಒಳಗೆ ಓಡಿದರು. ಮಗು ಸತ್ತೇ ಹುಟ್ಟಿತು. ಹೆಣ್ಣು. ಮಧ್ಯಾಹ್ನ ತಿರುಗುವ ಮೊದಲೇ ತಾಯಿಯೂ ಹೋದಳು. ಕೊನೆಗೂ ಅವಳಿಗೆ ಎಚ್ಚರ ಬರಲಿಲ್ಲ. ಅವ್ವಾ ಅಂತ ಇನ್ನೊಂದು ಸಲ ಕರೆಯಲಿಲ್ಲ.

ಚನ್ನಾಜಮ್ಮ ಜಗುಲಿಯ ಮೇಲೆ ಬಿದ್ದು ಹೊರಳಿದಳು. ಕಾಲ ಬಳಿ ಪುಟ್ಟಮಾದಪ್ಪ ಕೂತಿದ್ದ. ಬೈಯಲಿಲ್ಲ, ಅಳಲೂ ಇಲ್ಲ. ಯಾರಿಗೋ ಹೇಳುವ ಹಾಗೆ ಅಂದ: “ಸುಳ್ಳೇ ಏಳ್ಬುಟ್ಟಿದ್ರೆ ಆಗೋದು ಅವ್ವೋರೆ. ಸುಳ್ಳು ಮಗಳಾಗಿದ್ರೆ ಇಲ್ಲೇ ಬುಟ್ಟು ಓಯ್ತಿದ್ರಿ.”

ತಾಯಿ ಮಗುವನ್ನು ಕೆಂಪನಂಜಪ್ಪನ ಗದ್ದೆ ಬದಿಯಲ್ಲೇ ಸಮಾಧಿ ಮಾಡಿದರು. ಪಾಲಿನ ಮಾತೆತ್ತಿದ್ದ ಕೆಂಪನಂಜಪ್ಪ ತಾನೇ ಜಾಗ ತೋರಿಸಿದ. ಮೂರನೇ ದಿನದ ಹಾಲು ತುಪ್ಪ ಬಿಟ್ಟು, ಪುಟ್ಟಮಾದಪ್ಪ ಕೊಳ್ಳೇಗಾಲದ ಕಡೆ ನಡೆದುಬಿಟ್ಟ. ಮತ್ತೆ ಈ ಕಡೆ ಬರಲಿಲ್ಲ. ಅಂದಿನಿಂದ ಚನ್ನಾಜಮ್ಮ ಯಾರ ಬಾಣಂತನಕ್ಕೂ ಹೋಗಲಿಲ್ಲ. ಜನ ಮುಂಚಿನ ಹಾಗೇ ಕರೆಯುತ್ತಿದ್ದರು. ಆ ಹೆಂಗಸಿನ ತಪ್ಪೇನು, ಯಾರ ಮಗಳಾದರೂ ಮನೆಯಲ್ಲೇ ತಾನೇ ಹೆರೋದು, ಎಲ್ಲ ಅವಳ ಹಣೆಬರಹ ಅಂದರು. ಚನ್ನಮಲ್ಲಮ್ಮನೂ ಬಂದು ಕೈ ಹಿಡಿದು ಅತ್ತಳು. ಸಮಾಧಾನ ಆಗುವುದಾದರೆ ಚನ್ನಾಜಮ್ಮನಿಗೆ ಅಷ್ಟು ಸಾಕಿತ್ತು. ಆಗಲಿಲ್ಲ.

ಮರುವರ್ಷದ ಚಳಿಗೆ ಬೆಟ್ಟದವರು ಮತ್ತೆ ಬಂದರು. ಅವರಲ್ಲಿ ಚಿಕ್ಕಸಿದ್ದಯ್ಯ ಅನ್ನುವವನ ಹೆಂಡತಿ ಬಸುರಿ. ಆಲೆಮನೆಗೆ ಬುತ್ತಿ ಕೊಡಲು ಹೋಗಿದ್ದ ಸೊಸೆ, ಅವಳ ಕಾಲೂ ಊದಿದೆ ಅಂತ ಬಂದು ಹೇಳಿದಳು. ಚನ್ನಾಜಮ್ಮ ಸೆರಗು ಹೊದ್ದು, ಬಿಸಿಲಲ್ಲಿ ಗದ್ದೆ ಬದು ಹಿಡಿದು ಆ ಗುಡಿಸಲಿಗೆ ಹೋದಳು.

“ಎದ್ದೇಳು ಮೊಗ, ಇವತ್ತೇ ಆಸ್ಪತ್ರೆಗೆ ಓಗನ. ನನ್ನ ಮಗಳು ಅಂತ ಏಳ್ತೀನಿ. ಮಡಿಲಕ್ಕಿ ಬ್ಯಾಡ, ಏನೂ ಬ್ಯಾಡ. ಸುಳ್ಳೇ ಏಳ್ತೀನಿ. ನೀನು ನನ್ನ ಮನೆ ಹೊಸ್ಲು ತುಳೀಬ್ಯಾಡ. ಅಲ್ಲಿಗೆ ಬುಟ್ಟು ಬಂದ್ಬುಡ್ತೀನಿ.”

ಆ ಹುಡುಗಿಗೆ ಈಕೆ ಯಾರು ಅಂತ ಗೊತ್ತಿತ್ತು. ಬೆಟ್ಟದಲ್ಲೆಲ್ಲ ಸುದ್ದಿ ಹೋಗಿತ್ತು. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, ಗುಡಿಸಲ ಮೂಲೆಗೆ ಒತ್ತಿಕೊಂಡು ನಿಂತಳು. “ಬ್ಯಾಡಿ ಅವ್ವೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಮಗಳು ಅಂತ ಮಾತ್ರ ಅನ್ಬ್ಯಾಡಿ.”

ಚನ್ನಾಜಮ್ಮ ಕೈ ಮುಗಿದಳು, ಗೋಗರೆದಳು. ಜನ ಸೇರಿದರು. ಚಿಕ್ಕಸಿದ್ದಯ್ಯ ಬಂದು ನಡುವೆ ನಿಂತು, “ನಮ್ಮ ಪಾಡಿಗೆ ನಮ್ಮ ಬುಟ್ಬುಡಿ ತಾಯಿ” ಅಂದ. ಮಾರನೇ ಬೆಳಿಗ್ಗೆ ಗುಡಿಸಲು ಖಾಲಿ. ಗಂಡ ಹೆಂಡತಿ ಬೆಟ್ಟದ ದಾರಿ ಹಿಡಿದಿದ್ದರು, ಆ ಊದಿದ ಕಾಲಲ್ಲಿ, ನಡೆದುಕೊಂಡು.

ಅದಾದ ಮೇಲೂ ಚನ್ನಾಜಮ್ಮ ಬಹಳ ವರ್ಷ ಬದುಕಿದ್ದಳು, ವಯಸ್ಸು ಎಪ್ಪತ್ತೈದು ತುಂಬುವ ತನಕ. ಪ್ರತಿ ಕಾರ್ತಿಕದಲ್ಲೂ ಬೆಟ್ಟದವರು ಬಂದು ಇಳಿದ ಕೂಡಲೇ ಆಲೆಮನೆಗೆ ಹೋಗಿ, ಚಿಕ್ಕಸಿದ್ದಯ್ಯನ ಹೆಂಡತಿ ಹೆತ್ತಳಾ, ಬದುಕಿದ್ದಾಳಾ ಅಂತ ಒಬ್ಬೊಬ್ಬರನ್ನೂ ಕೇಳೋಳು. ಎಲ್ಲರೂ ಗೊತ್ತಿಲ್ಲ ಅನ್ನೋರು. ಗೊತ್ತಿದ್ದವರೂ ಆಕೆಗೆ ಹೇಳಲಿಲ್ಲ.